ಲಿಂಗರಾಜುವಿನ ಗೋಡೆಯೂ ಬ್ರಾಡ್‌ಬ್ಯಾಂಡೂ

ಮಾಯಮ್ಮನ ಕಾಂಪೌಂಡು ಗೋಡೆಯ ಮೇಲೆ ಬರೆದ ಕೂಲಿ ಲಿಂಗರಾಜುವಿಗೆ ಬಾಕಿಯೇ ಇತ್ತು. ರೈತ ಚಳವಳಿ ಕಾವೇರಿದ್ದ ಕಾಲದಲ್ಲಿ ಎರಡು ಬೋಂಡ, ಒಂದು ಟೀ ಎಂದು ಮಾತಾಗಿತ್ತು. ಬೋಂಡ ಮುಖಂಡರ ಹೊಟ್ಟೆ ಸೇರಿತು. ಗೋಡೆಯಲ್ಲಿ ಉಳಿದದ್ದು ಕೆಂಪು ಅಕ್ಷರ: ‘ಅಪ್ಪಣೆ ಇಲ್ಲದೆ ಯಾವ ಇಲಾಖೆಯವರೂ ಒಳಗೆ ಬರಕೂಡದು. ಬಂದರೆ ಕಂಬಕ್ಕೆ ಕಟ್ಟಲಾಗುವುದು!’

ಈಗ ಬಿಳಿಕೆರೆಯ ಅದೇ ಮನೆಯ ಒಂದು ಪಾಲಿನಲ್ಲಿ ಲಿಂಗರಾಜು ಬಾಡಿಗೆದಾರ, ಇನ್ನೊಂದರಲ್ಲಿ ಮಾಲೀಕಳು ಮಾಯಮ್ಮ. ದಿನಾ ಹಲ್ಲುಜ್ಜುತ್ತ ತನ್ನ ಅಕ್ಷರ ನೋಡಿ ಮೀಸೆ ತೀಡುವುದೇ ಅವನ ಪೂಜೆ.

ಹೆಂಡತಿ ಪದ್ಮಶ್ರೀ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡುವವಳು. ಮಾಡಿದ್ದನ್ನು ಸೀಡಿಗೆ ಹಾಕಿ, ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಮೈಸೂರಿನ ಪ್ರೆಸ್ಸಿಗೆ ಮುಟ್ಟಿಸಬೇಕು. ಬೀಗರ ಹೆಸರು ತಪ್ಪಿದರೆ ಮತ್ತೆ ಬಸ್ಸು! ಕೊನೆಗೆ ಪ್ರೆಸ್ಸಿನವನು, “ಯುಗಾದಿ ಒಳಗೆ ಇಂಟರ್‌ನೆಟ್ಟಲ್ಲಿ ಕಳಿಸಂಗಿದ್ರೆ ಸರಿ ಕಣವ್ವ. ಇಲ್ದಿದ್ರೆ ಕೆಲ್ಸ ಬೇರೇವ್ರಿಗೆ” ಎಂದುಬಿಟ್ಟ.

ಆಗಲೇ ಹೆದ್ದಾರಿ ಬದಿ ಅಗೆದು ಫೈಬರ್ ಕೇಬಲ್ ಹೂತಿದ್ದರು. ಊರಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು.

“ಒಂದೇ ವಾರ!” ಲಿಂಗರಾಜು ಗುಡುಗಿದ. “ವಿಧಾನಸೌಧ ನಡುಗಿಸ್ದೋನು ನಾನು. ಒಂದು ವೈರು ಎಳೆಸ್ನಾರ್ನಾ?”

“ಅಲ್ಲಿಗೋಗಿ ಲಾರೀಲಿ ನಿದ್ದೆ ಒಡ್ದು ಬಂದೋರು ಕಣ್ರೀ ನೀವು. ಮೊದ್ಲು ಅರ್ಜಿ ಕೊಡಿ.”

ಕೊಟ್ಟ. ವಾರ ಹೋಗಿ ತಿಂಗಳಾಯಿತು. ಪಕ್ಕದ ಮನೆಗೆ ಬಂತು, ಎದುರು ಮನೆಗೆ ಬಂತು, ಹಿಟ್ಟಿನ ಗಿರಣಿಗೂ ಬಂತು! ಯುಗಾದಿ ಬಾಗಿಲಿಗೆ ಬಂದಾಗ ಲಿಂಗರಾಜು ಹಸಿರು ಟವೆಲ್ಲು ಹೆಗಲಿಗೇರಿಸಿ, ಫೋನ್ ಆಫೀಸಿನ ಹೊಸ್ತಿಲಿಗೆ ಅಡ್ಡ ಮಲಗಿದ.

“ಬಾಡಿಗೆ ಮನೇಲಿರೋರು ಮನುಷ್ಯರಲ್ವೇನ್ರೀ?”

ಎಂಜಿನಿಯರು ಅವನನ್ನು ದಾಟಿಕೊಂಡೇ ಹೊರಗೆ ಬಂದರು. “ಏಳಿ ಯಜಮಾನ್ರೇ. ನಮ್ಮ ಲೈನ್‌ಮನ್ನು ಎಷ್ಟು ಸಲ ಬಂದ ಗೊತ್ತಾ? ಗೋಡೆ ಓದ್ಕೊಂಡು ಹಂಗೇ ವಾಪಸ್ಸು. ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ. ಯಾವನ್ರೀ ಅದನ್ನ ಬರೆದವ್ನು?”

“ಅಕ್ಸರ ಚೆನ್ನಾಗಿತ್ತಾ?” ಎಂದ ಲಿಂಗರಾಜು, ಮಲಗಿದಲ್ಲಿಂದಲೇ.

ಮನೆಗೆ ಬಂದು ಸುಣ್ಣದ ಬಕೆಟ್ಟು ಎತ್ತಿದ್ದೇ ತಡ, ಒಳಗಿನಿಂದ ಮಾಯಮ್ಮ ಹಾರಿ ಬಂದಳು.

“ಲೇ ಲಿಂಗರಾಜ! ಗೋಡೆ ಮುಟ್ಟಿದ್ರೆ ನಿನ್ ಪಾತ್ರೆ ಪಡಗ ಬೀದೀಗೆ! ಅದನ್ನ ಓದೇ ಕಂದಾಯದವ್ನು ಇತ್ತಗೆ ತಲೆ ಹಾಕಿಲ್ಲ. ಕರೆಂಟಿನವ್ನು ಗೇಟು ತಾವೇ ನಿಂತ್ಕಂಡು, ಮೀಟ್ರು ನೋಡ್ದೆ, ಅಂದಾಜಿಗೆ ಕಮ್ಮಿ ಬಿಲ್ಲು ಬರ್ಕಂಡು ಓಯ್ತಾನೆ. ಅದು ನನ್ನ ಕಾವಲುನಾಯಿ ಕಣ್ಲಾ!”

“ಬರ್ದೋನು ನಾನು ಕಣಮ್ಮೋ!”

“ಗೋಡೆ ನಂದು ಕಣಪ್ಪೋ!”

ಸರ್ಕಾರಗಳಿಗೆ ಬಗ್ಗದ ಲಿಂಗರಾಜು ತಾನೇ ಬರೆದ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಪದ್ಮಶ್ರೀ ಅವನ ಕೈಗೆ ಸೀಮೆಸುಣ್ಣ ಕೊಟ್ಟಳು. “ಅಳಿಸ್ಬ್ಯಾಡಿ ಬುಡಿ. ಅಪ್ಪಣೆ ಇಲ್ದೆ ಬರ್ಬಾರ್ದು ಅಂತ ತಾನೇ ಇರೋದು? ಫೋನಿನವ್ರಿಗೆ ಅಪ್ಪಣೆ ಅದೆ ಅಂತ ಕೆಳಗೆ ಸಣ್ಣಗೆ ಬರೀರಿ.”

ಸಣ್ಣಗೆ! ಲಿಂಗರಾಜುವಿಗೆ ಅವಮಾನವಾಯಿತು. ಮಾಯಮ್ಮ ಸಂತೆಗೆ ಹೋದದ್ದೇ ಹಳೇ ಕೆಂಪು ಬಣ್ಣದ ಡಬ್ಬಿ ಬಿಚ್ಚಿ, ಹಳೇ ಸಾಲಿನ ಕೆಳಗೇ ಮೊಳದುದ್ದದ ಅಕ್ಷರ ಬರೆದ: ‘ಎಲ್ಲ ಇಲಾಖೆಯವರಿಗೂ ಅಪ್ಪಣೆ ಕೊಟ್ಟಿದೆ. ಬನ್ನಿ!’

ಬಂದರು. ಮೊದಲು ಲೈನ್‌ಮನ್ ಬಂದ. ವೈರು ಒಳಗೆ ಬಂತು, ಮೋಡೆಮ್ಮಿನಲ್ಲಿ ಹಸಿರು ದೀಪ ಮಿನುಗಿತು, ಪದ್ಮಶ್ರೀಯ ಲಗ್ನಪತ್ರಿಕೆ ಬಸ್ಸಿಲ್ಲದೆ ಮೈಸೂರು ಸೇರಿತು. ಕೆಲಸ ಉಳಿಯಿತು! ಲಿಂಗರಾಜು ಮೀಸೆಗೆ ಕೈ ಹಾಕುವಷ್ಟರಲ್ಲಿ ಲೈನ್‌ಮನ್ನಿನ ಹಿಂದೆಯೇ ಕಂದಾಯದವನು. ಅವನ ಹಿಂದೆ ಕರೆಂಟಿನವನು. ಅವನ ಹಿಂದೆ, ಹಿತ್ತಲಲ್ಲಿ ಮಾಯಮ್ಮ ಪರವಾನಗಿ ಇಲ್ಲದೆ ಎಬ್ಬಿಸಿದ್ದ ಕೋಣೆ ಅಳೆಯಲು ಟೇಪು ಹಿಡಿದ ಪಂಚಾಯ್ತಿಯವನು.

ಸಂಜೆ ಮಾಯಮ್ಮ ತಟ್ಟೆ ಹಿಡಿದು ಬಂದಳು. ಅದರಲ್ಲಿ ಎರಡು ಬೋಂಡ, ಒಂದು ಟೀ.

“ಗೋಡೆ ಬರ್ದ ಕೂಲಿ ಬಾಕಿ ಅಂತಿದ್ಯಲ್ಲಪ್ಪ? ತಿನ್ನು. ಲೆಕ್ಕ ಚುಕ್ತಾ. ಮನೆ ಖಾಲಿ ಮಾಡು.”

ಬೋಂಡ ಬಿಸಿಯಾಗಿತ್ತು. ಲಿಂಗರಾಜು ಎರಡನ್ನೂ ತಿಂದ.

ಇದನ್ನು ಓದಿ ನಕ್ಕು ಎದ್ದುಹೋದರೆ ಆಗಲಿಲ್ಲ. ನಕ್ಕವರು ಒಂದು ಬಾಡಿಗೆ ಮನೆ ತೋರಿಸಿ. ಬಿಳಿಕೆರೆಯಾದರೂ ಸರಿ, ಹುಣಸೂರಾದರೂ ಸರಿ. ಮುಂದಿನ ರಸ್ತೆಯಲ್ಲಿ ಕೇಬಲ್ ಇರಬೇಕೆಂಬುದು ಪದ್ಮಶ್ರೀಯ ಒಂದು ಷರತ್ತು. ಇನ್ನೊಂದು, ಕಾಂಪೌಂಡು ಗೋಡೆ ಇರಕೂಡದು!