ಗೋಡೆಗೆ ಮುಖ ಮಾಡಿದ ಪುಸ್ತಕಗಳ ಬಗ್ಗೆ

ಮಾನ್ಯ ಒಳಾಂಗಣ ವಿನ್ಯಾಸಕರೇ,

ಈ ಮನೆಯ ಒಳಗನ್ನು ಅಂದಗೊಳಿಸಿದ ತಮಗೆ, ಅದನ್ನು ದಿನಾ ಒರೆಸುವವಳ ಗೌರವಪೂರ್ವಕ ನಮಸ್ಕಾರಗಳು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಓದಿದ್ದು ಐದನೇ ತರಗತಿ, ಕಾಗುಣಿತ ತಪ್ಪಿದ್ದರೆ ಮನ್ನಿಸಬೇಕು. ಎದುರಿಗೆ ಹೇಳೋಣವೆಂದರೆ ತಮ್ಮನ್ನು ಕಂಡೊಡನೆ ಬಾಯಿ ಕಟ್ಟಿಹೋಗುತ್ತದೆ. ನಾಚಿಕೆಯಿಂದಾಗಿ ಎಲ್ಲರೂ ಓದುವಂತೆ ಬಹಿರಂಗ ಪತ್ರವನ್ನೇ ಬರೆಯುತ್ತಿದ್ದೇನೆ.

ತಮ್ಮನ್ನು ಕುರಿತ ಲೇಖನವಿರುವ ಪತ್ರಿಕೆಯ ಎಂಟು ಪ್ರತಿಗಳನ್ನು ತಾವೇ ನಡುಮನೆಯ ಮೇಜಿನ ಮೇಲೆ ಇಟ್ಟುಹೋಗಿದ್ದಿರಿ, ಧೂಳು ಹೊಡೆಯುತ್ತಾ ಓದಿದೆ. ತಾವು ಅಜ್ಜನ ಪುಸ್ತಕದಂಗಡಿಯಲ್ಲಿ, ಪುಸ್ತಕದ ಕಟ್ಟುಗಳ ಮೇಲೆಯೇ ಮಲಗಿ ಬೆಳೆದವರಂತೆ. ಸಿರಿವಂತರ ಮನೆಯಲ್ಲಿ ಕಣ್ಣಿಗೂ ಸದ್ದು ಕೇಳಿಸಬಾರದು ಎಂಬುದು ತಮ್ಮ ಸಿದ್ಧಾಂತವಂತೆ. ಪುಸ್ತಕಗಳ ಬಾಯಿ ಮುಚ್ಚಿಸುವ ವಿದ್ಯೆ ಅವುಗಳ ಮೇಲೆ ಮಲಗಿದವರಿಗಲ್ಲದೆ ಇನ್ನಾರಿಗೆ ಬರಬೇಕು?

ಈ ಮನೆಯ ಓದುಕೋಣೆಯಲ್ಲಿ ಹಸಿರು ಬೆನ್ನಿನ ಒಂದು ಕಾದಂಬರಿ ಇತ್ತು. "ಓದೋದಾದ್ರೆ ಓದಮ್ಮ, ತೆಗೆದಲ್ಲೇ ಇಡು" ಎಂದಿದ್ದರು ಮನೆಯ ಅಮ್ಮಾವರು. ಊಟದ ವಿರಾಮದಲ್ಲಿ ತುಟಿ ಅಲ್ಲಾಡಿಸುತ್ತಾ, ದಿನಕ್ಕೆ ಮೂರು ಪುಟದಂತೆ ನಾಲ್ಕು ತಿಂಗಳು ಓದಿದೆ. ನಾನು ಹುಟ್ಟಿದ ಮೇಲೆ ಹಿಡಿದ ಮೊದಲ ದಪ್ಪ ಪುಸ್ತಕ ಅದು. ಕಥೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಹನ್ನೊಂದು ವರ್ಷ ಕಾದಿದ್ದ ಕಾಗದ ಕೊನೆಗೂ ಬಂತು, ಅದನ್ನು ಒಡೆಯಲು ಅವಳು ಕತ್ತರಿ ಎತ್ತಿಕೊಂಡಳು, ನನ್ನ ವಿರಾಮ ಮುಗಿಯಿತು. ಆ ಪುಟಕ್ಕೆ ಕೆಂಪು ದಾರವಿಟ್ಟು ಮುಚ್ಚಿದೆ.

ಮರುದಿನ ತಮ್ಮ ತಂಡದವರು ಬಂದು, ಪುಸ್ತಕಗಳ ಬೆನ್ನು ಗೋಡೆಯ ಬಣ್ಣದೊಡನೆ ಜಗಳವಾಡುತ್ತಿದೆಯೆಂದು, ಎಲ್ಲವನ್ನೂ ಬೆನ್ನು ಒಳಗೆ, ಹಾಳೆಯಂಚು ಹೊರಗೆ ತಿರುಗಿಸಿ, ಬಿಳಿಯಿಂದ ಕಂದಿನವರೆಗೆ ಸಾಲಾಗಿ ಜೋಡಿಸಿದರು. ಹುಡುಕಲು ಹೋದರೆ ತಮ್ಮ ಮೇಸ್ತ್ರಿ, ಅಂಚು ಮಾತ್ರ ಒರೆಸು, ಎಳೆದರೆ ಸಾಲು ಕೆಡುತ್ತದೆ ಎಂದು ಗದರಿದರು. ಇಲ್ಲೇ ಅಡುಗೆ ಕೆಲಸಕ್ಕಿರುವ ಚಿಕ್ಕಮ್ಮನ ಹತ್ತಿರ ಅತ್ತುಕೊಂಡರೆ, "ಆ ಕಾಗದದಲ್ಲೇನು ನಿನ್ನ ಹೆಸರಿಗೆ ಬಂಗಲೆ ಬರ್ದಿದಾರಾ?" ಅಂದಳು. ಇನ್ನು ಶುಕ್ರವಾರ ಗಾಜಿನ ಬಾಗಿಲು ಕೂರಿಸಿ ಬೀಗ ಹಾಕುತ್ತಾರಂತೆ. ಅಷ್ಟರಲ್ಲಿ ಸಿಗದಿದ್ದರೆ ಆ ಹೆಂಗಸು ಕತ್ತರಿ ಹಿಡಿದು ಹಾಗೇ ನಿಂತಿರುತ್ತಾಳೆ, ನಾನೂ ನಿಂತಿರುತ್ತೇನೆ.

ಇದು ದೂರಲ್ಲ, ಮೆಚ್ಚುಗೆ. ಇಷ್ಟು ದೊಡ್ಡ ಕೈಯವರಾದ ತಾವು ಇನ್ನೊಂದಿಷ್ಟು ಮಾಡಿಕೊಡಬೇಕು. ಗಡಿಯಾರಗಳನ್ನೂ ಗೋಡೆಗೆ ಮುಖ ಮಾಡಿಸಿ, ನನ್ನ ಊಟದ ವಿರಾಮ ಮುಗಿಯುವುದೇ ಬೇಡ. ಚಿಕ್ಕಮ್ಮನ ಹಳದಿ ಸ್ವೆಟರ್ ಯಾವ ಗೋಡೆಗೂ ಹೊಂದುವುದಿಲ್ಲ, ಅತಿಥಿಗಳು ಬಂದಾಗ ಅವಳನ್ನೂ ತಿರುಗಿಸಿ ನಿಲ್ಲಿಸಿ. ಅವಳ ಬಾಯಿಯೂ ಆ ಕಡೆಗೇ ಆಗುತ್ತದೆ. ಕಥೆಯನ್ನು ಅಂಚಿನಿಂದಲೇ ಓದುವ ಒಂದು ಉಪಾಯವನ್ನೂ ದಯಮಾಡಿ ವಿನ್ಯಾಸಗೊಳಿಸಿ.

ತಮ್ಮ ವಿಶ್ವಾಸಿ,
ಅಂಚು ಒರೆಸುವವಳು

ತಾ.ಕ.: ಮೇಲಿನದನ್ನು ಬರೆದದ್ದು ನಿನ್ನೆ. ಇಂದು ಬೆಳಿಗ್ಗೆ, ಗಾಜಿನವರು ಬರುವ ಮುಂಚೆ, ಆರನೇ ಸಾಲು ಒರೆಸುವಾಗ ಬಟ್ಟೆಗೆ ಕೆಂಪು ದಾರದ ತುದಿ ಸಿಕ್ಕಿಕೊಂಡಿತು. ಅಮ್ಮಾವರನ್ನು ಕೇಳಿಯೇ ಪುಸ್ತಕ ತೆಗೆದುಕೊಂಡೆ. ಹಲ್ಲು ಬಿದ್ದ ಹಾಗೆ ಸಂದು ಕಾಣಬಾರದಲ್ಲ, ಆ ಜಾಗಕ್ಕೆ ತಮ್ಮ ಪತ್ರಿಕೆಯ ಎಂಟೂ ಪ್ರತಿಗಳನ್ನು ಬೆನ್ನು ಒಳಗೆ ಮಾಡಿ ತುಂಬಿದ್ದೇನೆ. ಬಿಳುಪು ಸ್ವಲ್ಪ ಹೆಚ್ಚಾಯಿತು. ಯಾರೂ ಮುಟ್ಟದಿದ್ದರೆ ನಾಲ್ಕೈದು ವರ್ಷಗಳಲ್ಲಿ ಕಂದಿ, ಸಾಲಿಗೆ ಹೊಂದಿಕೊಳ್ಳುತ್ತದೆ.