ಪಕ್ಕದ್ದು ತೋರಿಸುವ ರೋಗ

ನನಗೆ ಬೇಗ ಸಿಟ್ಟು ಬರುತ್ತದೆ ಅಂತ ಮನೆಯವರ ದೂರು. ಶುದ್ಧ ಸುಳ್ಳು. ಇರುವ ಸಿಟ್ಟು ಹೋದರೆ ತಾನೇ ಹೊಸದು ಬರುವುದು! ಹದಿಮೂರು ವರ್ಷ ಬಳ್ಳಾರಿಯಲ್ಲಿ ನಮ್ಮ ಮಾವನ ಸೀರೆ ಅಂಗಡಿಯ ಗಾದಿಯ ಮೇಲೆ ಮಂಡಿಯೂರಿ ಕೂತವನ ಹತ್ತಿರ ಸಿಟ್ಟಲ್ಲದೆ ಇನ್ನೇನಿರುತ್ತದೆ ಹೇಳಿ. ಕುರುಗೋಡಿನಿಂದ ಮದುವೆ ಜವಳಿಗೆ ಅಂತ ಬಸ್ಸಿನ ತುಂಬ ಬೀಗರು ಬರುತ್ತಿದ್ದರು. ನಲವತ್ತು ಸೀರೆ ಬಿಚ್ಚಿಸಿ, ಅಂಚು ಉಜ್ಜಿ, ಸೆರಗು ಎಳೆದು, ನಾವು ತರಿಸಿದ ಚಹಾ ಕುಡಿದು, "ಛಲೋ ಅದಾವ, ಮತ್ತ ಬರ್ತೀವ್ರಿ" ಅಂತ ಎದ್ದು ಹೋಗುತ್ತಿದ್ದರು. ನಲವತ್ತನ್ನೂ ಮಡಚುವವನು ನಾನು. 'ಹಾಳಾಗಿ ಹೋಗ್ರಿ' ಅನ್ನುವ ಮಾತು ಗಂಟಲಿನವರೆಗೆ ಬಂದಿರುತ್ತಿತ್ತು. ಬಾಯಿ ಮಾತ್ರ "ಹೋಗಿ ಬರ್ರಿ ಅವ್ವಾರ" ಅನ್ನುತ್ತಿತ್ತು.

ಅಂಗಡಿಗೆ ಒಂದೇ ಕಟ್ಟಳೆ: ಗಿರಾಕಿಗೆ 'ಇಲ್ಲ' ಅನ್ನಬಾರದು. ನಾನು ಸೇರಿದ ಮೊದಲ ದಿನ ಯಾರೋ ಗಿಳಿಹಸಿರು ಸೀರೆ ಕೇಳಿದರು, ಇಲ್ಲ ಅಂದುಬಿಟ್ಟೆ. ಮಾವ ಎಲ್ಲರೆದುರಿಗೆ ಗದರಿದರು: "ಲೇ, ಗಾದಿ ಮ್ಯಾಲ ಕುಂತು ಇಲ್ಲ ಅಂತೀಯಾ? ಗಿಳಿಹಸಿರು ಇಲ್ಲಂದ್ರ ಎಲಿಹಸಿರು ಬಿಚ್ಚು. ಅದೂ ಇಲ್ಲಂದ್ರ ನೀಲಿ ಬಿಚ್ಚು. ಬಾಯಿ ಮುಚಗೊಂಡು ಪಕ್ಕದ್ದು ತೋರಿಸು!" ಅವತ್ತಿನಿಂದ ಪಕ್ಕದ್ದು ತೋರಿಸಿದ್ದೇ ತೋರಿಸಿದ್ದು. ಮನೆಯಲ್ಲಿ ಹೆಂಡತಿ ನಾಗರತ್ನ "ಬದನಿಕಾಯಿ ತಂದ್ರೇನು?" ಅಂದರೂ "ಸೌತಿಕಾಯಿ ನೋಡು, ಎಷ್ಟು ಎಳೇವದಾವ" ಅನ್ನುವ ಮಟ್ಟಕ್ಕೆ ಬಂದಿದ್ದೆ.

ಕೊನೆಗೆ ರೋಸಿಹೋಯಿತು. ಎಂಬತ್ತರ ದಶಕದ ನಡುವಿನಲ್ಲಿ ನಮ್ಮೂರಲ್ಲೂ ಕಂಪ್ಯೂಟರ್ ಕಲಿಸುವ ಬೋರ್ಡೊಂದು ಬಿತ್ತು. ಹೋಗಿ ಸೇರಿದೆ. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದ ಹಾಗೆ ಒಳಗೆ ಹೋಗಬೇಕು. ಮೀಸೆ ಸರಿಯಾಗಿ ಮೂಡದ ಮೇಷ್ಟ್ರು ನನ್ನನ್ನು 'ಅಂಕಲ್' ಅಂದ. ಅದನ್ನೂ ನುಂಗಿಕೊಂಡು ಪ್ರೋಗ್ರಾಂ ಬರೆಯುವುದು ಕಲಿತೆ. ಅಂಗಡಿ ಬಿಡುವ ದಿನ ಮಾವ ಎಲೆಗೆ ಸುಣ್ಣ ಸವರುತ್ತಾ, "ಹೋಗು ಹೋಗು. ಮೂರು ತಿಂಗಳದಾಗ ಇದೇ ಗಾದಿ ಮ್ಯಾಲ ಬಂದು ಕೂಡ್ತಿ" ಅಂದರು. ಸತ್ತರೂ ಬರಂಗಿಲ್ಲ ಅಂತ ಕಿರುಚಿದೆ. ಮನಸ್ಸಿನಲ್ಲಿ.

ಸಿರುಗುಪ್ಪದ ಅಕ್ಕಿ ಗಿರಣಿಯ ಗೌಡರು ಆಗಷ್ಟೇ ಕಂಪ್ಯೂಟರ್ ಕೊಂಡು, ಅದಕ್ಕೆ ಟವೆಲ್ ಹೊದಿಸಿ ಇಟ್ಟಿದ್ದರು. ಗಿರಣಿಯ ಯಾವ ಬಿಡಿಭಾಗ ಸ್ಟೋರಿನಲ್ಲಿ ಎಲ್ಲಿದೆ ಅಂತ ಅದು ಹೇಳುವ ಹಾಗೆ ನಾನು ಪ್ರೋಗ್ರಾಂ ಬರೆಯಬೇಕು. ಒಂದು ತಿಂಗಳು ನನ್ನ ಪರೀಕ್ಷೆ. ಗೆದ್ದರೆ ಕೆಲಸ ಕಾಯಂ, ಸೋತರೆ ಮಾವನ ಗಾದಿ.

ಮೂರನೇ ವಾರ ಗಿರಣಿಯ ಬೆಲ್ಟು ಹರಿಯಿತು. ಸ್ಟೋರಿನ ಹುಸೇನಸಾಬರು ಅದರ ನಂಬರು ಒತ್ತಿದರು. ಎರಡನೇ ಕಪಾಟಿನಲ್ಲಿದೆ ಅಂತ ಪರದೆ ತೋರಿಸಿತು. ತಂದು ಹಾಕಿದರೆ ಗಾಲಿಯಿಂದ ಜೋತುಬಿತ್ತು. ಮತ್ತೆ ಒತ್ತಿದರು, ಮತ್ತೆ ಅದನ್ನೇ ತೋರಿಸಿತು. ಹೊರಗೆ ಭತ್ತದ ಬಂಡಿಗಳು ಸಾಲುಗಟ್ಟಿ ನಿಂತವು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ಆ ನಂಬರಿನ ಬೆಲ್ಟು ಸ್ಟೋರಿನಲ್ಲಿ ಇರಲೇ ಇಲ್ಲ. ಬೆಳಿಗ್ಗೆಯೇ ತಿಳಿದಿದ್ದರೆ ಬಸ್ಸು ಹತ್ತಿ ಬಳ್ಳಾರಿಯಿಂದ ತಂದುಬಿಡಬಹುದಿತ್ತು. ಗೌಡರು ಪಂಚೆ ಎತ್ತಿ ಕಟ್ಟಿಕೊಂಡು ಬಂದರು. "ಏಮಯ್ಯಾ! ಇಲ್ಲದ್ದನ್ನ ಇಲ್ಲ ಅನ್ನಾಕ ನಿನ್ನ ಮಷೀನಿಗೇನು ರೋಗ? ನಾಳಿ ಸಂಜಿ ತನಕ ಟೈಮು. ಆಮ್ಯಾಲ ನಿನ್ನ ದಾರಿ ನಿನಗ."

ರೋಗ ಮಷೀನಿಗಲ್ಲ. ಬರೆದದ್ದನ್ನು ತೆಗೆದು ನೋಡಿದೆ. ಕೇಳಿದ ನಂಬರು ಸಿಗದಿದ್ದರೆ ಪಕ್ಕದ ನಂಬರಿನ ಜಾಗ ತೋರಿಸು ಅಂತ ನನ್ನ ಕೈಯಾರೆ ಬರೆದಿದ್ದೆ! ಬರೆಯುವಾಗ ಅದು ತಪ್ಪು ಅಂತ ಅನ್ನಿಸಿರಲಿಲ್ಲ, ಮರ್ಯಾದೆ ಅಂತ ಅನ್ನಿಸಿತ್ತು. ಮಾವನ ಮೇಲೆ ಮೈಯೆಲ್ಲ ಉರಿಯಿತು. ಹದಿಮೂರು ವರ್ಷ ನನ್ನ ಬೆನ್ನು ಬಗ್ಗಿಸಿದ್ದು ಸಾಲದೆ ಈ ಮುದುಕ ಸಿರುಗುಪ್ಪದ ಕಂಪ್ಯೂಟರಿನೊಳಗೂ ಬಂದು ಗಾದಿ ಹಾಸಿಕೊಂಡು ಕೂತಿದ್ದ. ಆ ಸಾಲನ್ನು ಕಿತ್ತು ಬಿಸಾಕಿ, ಪರದೆಯ ತುಂಬ ಬರುವ ಹಾಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಇಲ್ಲ' ಅಂತ ಬರೆದೆ. ಮರುದಿನ ಗೌಡರು ಇರದ ನಂಬರುಗಳನ್ನೇ ಹುಡುಕಿ ಹುಡುಕಿ ಒತ್ತಿದರು. ಅದು ಮುಲಾಜಿಲ್ಲದೆ ಇಲ್ಲ, ಇಲ್ಲ ಅಂದಿತು. "ಹಾಂ, ಈಗ ಗಂಡಸಾತು ನೋಡು" ಅಂತ ನಕ್ಕು ಕೆಲಸ ಕಾಯಂ ಮಾಡಿದರು.

ಮುಂದಿನ ವಾರ ಮಾವ ಯಾವುದೋ ಮದುವೆಗೆ ಬಂದವರು ಗಿರಣಿಗೂ ಬಂದರು. ನಾನು ಬೀಗುತ್ತಾ ಒಂದು ನಂಬರು ಒತ್ತಿ ತೋರಿಸಿದೆ. 'ಇಲ್ಲ' ಅಂತ ಬಂತು. ಅದನ್ನೋದಿ ಮಾವನ ಮುಖ ಕಪ್ಪಿಟ್ಟಿತು. "ಛೀ, ಮಾನಗೆಟ್ಟದ್ದು. ಹೋಗ್ಲಿ ಬಿಡು. ಶ್ರಾವಣ ಬಂತು, ಅಂಗಡ್ಯಾಗ ಕೈ ಸಾಲವಲ್ಲವು. ಐತವಾರ ಐತವಾರ ಬರ್ತಿಯಲ್ಲ?"

ಉತ್ತರ ಕಣ್ಣೆದುರಿಗೇ ಹೊಳೆಯುತ್ತಿತ್ತು. ನಾನೇ ಬರೆದದ್ದು. ಗಟ್ಟಿಯಾಗಿ ಓದಿದ್ದರೆ ಸಾಕಿತ್ತು. ನನ್ನ ಹಾಳು ಬಾಯಿ ತೆರೆಯಿತು: "ಮೊದಲು ಕೂಡ್ರಿ ಮಾವ, ಚಾ ತರಿಸ್ತೀನಿ."

ಆ ಐತವಾರವೇ ಅಂಗಡಿಗೆ ಕುರುಗೋಡಿನ ಬೀಗರು ಮತ್ತೆ ಬಂದಿದ್ದರು. ಈ ಸಲ ನಲವತ್ತೊಂದು ಸೀರೆ ಮಡಚಿದೆ.