‘ಸುಖಹಸ್ತ’ ಕೈಗವಸಿನ ತಯಾರಕರಿಗೆ ದರ್ಜಿಯೊಬ್ಬನ ಅರಿಕೆ

ಮಾನ್ಯ ತಯಾರಕ ಮಹಾಶಯರೇ,

ತಮಗೂ, ತಮ್ಮ ಕಾರ್ಖಾನೆಯ ಸಮಸ್ತ ಸಿಬ್ಬಂದಿಗೂ, ತಮ್ಮ ಪೊಟ್ಟಣದ ಮೇಲೆ ಒಂದೇ ಒಂದು ತಟ್ಟೆಯನ್ನು, ಅದೂ ಮೊದಲೇ ತೊಳೆದಿಟ್ಟಂತಿರುವ ತಟ್ಟೆಯನ್ನು ಹಿಡಿದು ಹಲ್ಲು ಕಾಣುವಂತೆ ನಗುತ್ತಿರುವ ಆ ಮಹಾತಾಯಿಗೂ ಈ ದರ್ಜಿಯ ಅನಂತ ವಂದನೆಗಳು. ತಾವೆಲ್ಲರೂ ಕ್ಷೇಮವಾಗಿದ್ದೀರಿ, ತಮ್ಮ ಮನೆಗಳ ಪಾತ್ರೆಗಳನ್ನು ಬೇರೆ ಯಾರೋ ತೊಳೆಯುತ್ತಿದ್ದಾರೆ ಎಂದು ದೃಢವಾಗಿ ನಂಬಿದ್ದೇನೆ. ಅಂಗೈ ತುಂಬ ರಬ್ಬರಿನ ಮುಳ್ಳುಗಳಿರುವ ತಮ್ಮ ‘ಸುಖಹಸ್ತ’ ಎಂಬ ಪಾತ್ರೆ ತೊಳೆಯುವ ಕೈಗವಸನ್ನು ಕೊಂಡು ಬಳಸಿದ ಭಾಗ್ಯಶಾಲಿ ನಾನು. ಅದರ ಗುಣಗಾನವನ್ನು ನಾಲ್ಕು ಜನರೆದುರು ಮಾಡದಿದ್ದರೆ ಉಪಕಾರ ಮರೆತವನಾಗುತ್ತೇನೆಂದು ಹೆದರಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಿಟಕಿಗೆ ಪರದೆ ಕಟ್ಟಿ ಸ್ಟೂಲಿನಿಂದ ಇಳಿಯುವಾಗ, ಸ್ಟೂಲಿನದೊಂದು ಕಾಲು ನನ್ನ ಹೆಂಡತಿಗಿಂತ ಮೊದಲೇ ಇಳಿದುಬಿಟ್ಟಿದ್ದರಿಂದ ಅವಳ ಬಲಗೈ ಮಣಿಕಟ್ಟು ಮುರಿದು ಪ್ಲಾಸ್ಟರು ಹಾಕಿಸಬೇಕಾಯಿತು. “ಕೈಗೆ ನೀರು ತಾಗಬಾರದು” ಎಂದು ಡಾಕ್ಟರು ಹೇಳಿದ್ದು ಅವಳಿಗೆ, ನೋಡಿದ್ದು ನನ್ನ ಮುಖವನ್ನು. ಪಾತ್ರೆ ತೊಳೆಯುವುದೆಂದರೆ ಸೂಜಿಗೆ ದಾರ ಪೋಣಿಸಿದಷ್ಟೇ ಕೆಲಸ ಎಂದು ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಆಗಾಗ ಭಾಷಣ ಬಿಗಿಯುತ್ತಿದ್ದ ನನಗೆ ಹಿಂಜರಿಯಲು ದಾರಿಯಿರಲಿಲ್ಲ. ಆಗಲೇ ತಮ್ಮ ಪೊಟ್ಟಣ ಕಣ್ಣಿಗೆ ಬಿತ್ತು. ‘ಧರಿಸಿ, ಸವರಿ, ಮರೆತುಬಿಡಿ’ ಎಂದಿತ್ತು. ತಮ್ಮ ಮಾತು ಸುಳ್ಳಲ್ಲವೆಂದು ಪ್ರಮಾಣ ಮಾಡಿ ಹೇಳುತ್ತೇನೆ. ಧರಿಸಿದೆ, ಸವರಿದೆ, ಮರೆಯಲು ಇನ್ನೂ ಪ್ರಯತ್ನಿಸುತ್ತಿದ್ದೇನೆ.

ದರ್ಜಿಯಾದವನ ಕಣ್ಣು ಬೆರಳ ತುದಿಯಲ್ಲಿರುತ್ತದೆ. ಬಟ್ಟೆಯ ಉದ್ದಗಲವನ್ನು ಕತ್ತಲಲ್ಲಿ ಮುಟ್ಟಿಯೇ ಹೇಳಬಲ್ಲೆ. ತಮ್ಮ ದಪ್ಪ ರಬ್ಬರು ಆ ಕಣ್ಣಿಗೆ ಬಟ್ಟೆ ಕಟ್ಟಿ, ಜಿಡ್ಡು ಯಾವುದು, ತಟ್ಟೆ ಯಾವುದು ಎಂಬ ಕ್ಷುದ್ರ ಭೇದಭಾವದಿಂದ ನನ್ನನ್ನು ಪಾರುಮಾಡಿತು. ಅಂಗೈಯ ಮುಳ್ಳುಗಳೋ ಸೋಪಿನ ನೊರೆಯನ್ನು ಕುಡಿದಷ್ಟೂ ಕುಡಿದು, ಎಷ್ಟು ನೀರು ಹಾಯಿಸಿದರೂ ಬಿಟ್ಟುಕೊಡದೆ, ಗಳಿಸಿದ್ದನ್ನು ಉಳಿಸಿಕೊಳ್ಳುವುದು ಹೇಗೆಂಬ ಪಾಠ ಹೇಳಿದವು. ಎರಡು ಗಾಜಿನ ಲೋಟಗಳು ಕೈಯಿಂದ ಜಾರಿ ಹೋಗಿ ಮುಂದಿನ ತೊಳೆಯುವಿಕೆಯಿಂದ ಶಾಶ್ವತ ಮುಕ್ತಿ ಪಡೆದವು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕುಳಿತಿದ್ದ ಹೆಂಡತಿ ಎಡಗೈ ಬೆರಳನ್ನು ತಟ್ಟೆಯ ಮೇಲೆ ಎಳೆದು ನೋಡಿ, “ರೀ, ಇದನ್ನ ತೊಳೆದ್ರಾ, ಇಲ್ಲ ಸಮಾಧಾನ ಮಾಡಿ ಕಳಿಸಿದ್ರಾ?” ಎಂದು ಕೇಳಿದಳು. ಮರುದಿನದ ಚಹಾ ಕೆನೆಯಿಲ್ಲದ ಹಾಲಿನಿಂದ ಮಾಡಿದ್ದರೂ ಭರ್ಜರಿ ನೊರೆ ಕಟ್ಟಿತ್ತು. ನಿಂಬೆಯ ಪರಿಮಳವೂ ಇತ್ತು. ಅದನ್ನು ತಾವು ಉಚಿತವಾಗಿ ಕೊಟ್ಟದ್ದೆಂದು ಭಾವಿಸಿದ್ದೇನೆ.

ಆದರೂ ನಾನು ತಮ್ಮ ಕೈ ಬಿಡಲಿಲ್ಲ. ತಮ್ಮ ಗವಸೂ ನನ್ನ ಕೈ ಬಿಡಲಿಲ್ಲ. ಇದು ಅಲಂಕಾರದ ಮಾತಲ್ಲ. ಮೂರನೆಯ ದಿನ ಸಂಜೆ, ಹಾಲು ತಳ ಹಿಡಿದು ಕಪ್ಪಾಗಿದ್ದ ಪಾತ್ರೆಯನ್ನು ಉಜ್ಜಲು ಹೊರಟಾಗ, ತಮ್ಮ ಮುಳ್ಳುಗಳು ಆ ಕರಕಲಿನ ಮುಂದೆ ವಿನಯದಿಂದ ತಲೆಬಾಗಿ ಪಕ್ಕಕ್ಕೆ ಸರಿದು ನಿಂತವು. ಛಲ ಬಿಡದೆ ಪಾತ್ರೆಯೊಳಗೆ ಕೈಯನ್ನು ಮೊಣಕೈವರೆಗೆ ಇಳಿಸಿದೆ. ಬಿಸಿನೀರು ಗವಸಿನೊಳಗೆ ನುಗ್ಗಿ, ಒಳಗಿದ್ದ ಗಾಳಿಯೆಲ್ಲ ಬುರಬುರನೆ ಹೊರಬಿದ್ದು, ರಬ್ಬರು ನನ್ನ ಬಲಗೈಗೆ ಎರಡನೆಯ ಚರ್ಮದಂತೆ ಕಚ್ಚಿಕೊಂಡಿತು. ಎಡಗೈಯದು ಹೇಗೋ ಕಳಚಿತು. ಬಲಗೈಯದನ್ನು ಹಲ್ಲಿನಿಂದ ಎಳೆದೆ, ಬಾಗಿಲ ಸಂದಿಗೆ ಸಿಕ್ಕಿಸಿ ಎಳೆದೆ, ಜಗ್ಗಲಿಲ್ಲ. ಅದೇ ಹೊತ್ತಿಗೆ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ನಿಂತಿದ್ದವರು ಭಾವ, ನನ್ನ ಹೆಂಡತಿಯ ಅಣ್ಣ. ಇಲ್ಲಿ ತಮಗೆ ಒಂದು ವಿಷಯ ತಿಳಿಸಬೇಕು. ಎರಡು ವರ್ಷದ ಹಿಂದೆ ಅವರಿಗೆ ಪ್ಯಾಂಟು ಹೊಲಿದು ಕೊಟ್ಟಿದ್ದೆ. ಅವರು ಅದನ್ನು ತೊಟ್ಟು ನೆಂಟರ ಮುಂದೆ, “ಇದ್ರಲ್ಲಿ ಕೂರಬಹುದಾ, ಇಲ್ಲ ನಿಂತೇ ಇರಬೇಕಾ?” ಎಂದು ಕೇಳಿದರು. “ಹೊಲಿಗೆ ಸರಿಯಾಗಿದೆ, ಹೊಟ್ಟೆ ಸರಿಯಿಲ್ಲ” ಎಂದೆ. ನೆಂಟರೆಲ್ಲ ನಕ್ಕರು, ನಾವಿಬ್ಬರೂ ನಗಲಿಲ್ಲ. ಅಂದಿನಿಂದ ಅವರು ನಮ್ಮ ಬೀದಿಗೆ ಕಾಲಿಟ್ಟಿರಲಿಲ್ಲ, ನಾನು ಅವರ ಮನೆ ಮೆಟ್ಟಿಲು ತುಳಿದಿರಲಿಲ್ಲ. ನಡುವೆ ಸಿಕ್ಕ ನನ್ನ ಹೆಂಡತಿ ಮಾತ್ರ ಅಣ್ಣನ ಜೊತೆ ಫೋನಿನಲ್ಲಿ ಮಾತಾಡುವಾಗಲೆಲ್ಲ ಬಟ್ಟೆ ಒಣಗಿಸುವ ನೆವದಲ್ಲಿ ತಾರಸಿಗೆ ಹೋಗುತ್ತಿದ್ದಳು. ಒಣಗಿಸಲು ಬಟ್ಟೆಯಿಲ್ಲದ ದಿನವೂ ಹೋಗುತ್ತಿದ್ದಳು.

ಭಾವ ಹಣ್ಣಿನ ಚೀಲವನ್ನು ಎಡಗೈಗೆ ದಾಟಿಸಿಕೊಂಡು, ಒಂದು ಗಳಿಗೆ ನೆಲ ನೋಡಿ, ಬಲಗೈ ಚಾಚಿದರು. ಆಗ ನನ್ನ ಸ್ಥಿತಿಯನ್ನು ತಾವೇ ಊಹಿಸಿ. ಕೈ ಕೊಡದಿದ್ದರೆ ಆ ಮನುಷ್ಯ ಮತ್ತೆಂದೂ ಬರುವುದಿಲ್ಲ; ಕೊಡೋಣವೆಂದರೆ ಇರುವ ಕೈ ತಮ್ಮದು. ಬೇರೆ ದಾರಿ ಕಾಣದೆ ತಮ್ಮ ಕೈಯನ್ನೇ ಕೊಟ್ಟೆ. ಅವರು ಹಿಡಿದು ಅದುಮಿದ್ದೇ ತಡ, ಮುಳ್ಳುಗಳು ಎರಡು ದಿನದಿಂದ ಕಾಪಾಡಿಕೊಂಡು ಬಂದಿದ್ದ ನೊರೆಯನ್ನೆಲ್ಲ ಅವರ ಇಸ್ತ್ರಿ ಮಾಡಿದ ತೋಳಿಗೆ ಧಾರೆಯೆರೆದವು.

“ಏನ್ರೀ ಇದು, ಕೈಯೋ ಮುಳ್ಳುಹಂದಿ ಮರಿಯೋ?” ಎಂದರು.

“ಬಿಚ್ಚೋಕೆ ಬರ್ತಿಲ್ಲ” ಎಂದೆ. ಎರಡು ವರ್ಷದ ಮೇಲೆ ನಾನು ಅವರಿಗೆ ಆಡಿದ ಮೊದಲ ಮಾತು ಅದೇ.

ಭಾವ ಚೀಲ ಕೆಳಗಿಟ್ಟು, ಹೊಸ್ತಿಲಿಗೆ ಕಾಲು ಒತ್ತಿ ಹಿಡಿದು, ಎರಡೂ ಕೈಯಿಂದ ಗವಸಿನ ಬೆರಳುಗಳನ್ನು ಹಿಡಿದು ಎಳೆಯತೊಡಗಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಒಳಗಿನಿಂದ ಓಡಿಬಂದ ಹೆಂಡತಿ, “ಅಣ್ಣಾ, ನಿಧಾನ! ಆ ಕೈ ನಂಗೆ ಬೇಕು, ಪಾತ್ರೆ ಇನ್ನೂ ಅರ್ಧ ಇದೆ!” ಎಂದು ಕೂಗಿದಳು. ಕೊನೆಗೆ ‘ಫಟ್’ ಎಂದು ಸದ್ದಾಗಿ, ಭಾವ ಗವಸಿನ ಸಮೇತ ಹೊರಗೆ ಚಪ್ಪಲಿಗಳ ನಡುವೆ ಕೂತರು, ನಾನು ಒಳಗೆ ನೆಲದ ಮೇಲೆ ಕೂತೆ. ಆಮೇಲೆ ಭಾವನ ಹೊಟ್ಟೆ, ಹೌದು, ಅದೇ ಹೊಟ್ಟೆ, ಸಣ್ಣಗೆ ಕುಲುಕಾಡಲು ಶುರುವಾಯಿತು. ಹೆಂಡತಿ ಗೋಡೆಗೆ ಆತುಕೊಂಡು ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗು ನಿಂತ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

ಆ ಸಂಜೆ ಭಾವ ತೋಳು ಮಡಚಿ, ಬರಿಗೈಯಲ್ಲಿ ಸ್ಟೀಲ್ ನಾರು ಹಿಡಿದು ತಳ ಹಿಡಿದ ಪಾತ್ರೆಯನ್ನು ಉಜ್ಜಿದರು, ನಾನು ಲೋಟಗಳನ್ನು ಜಾಲಿಸಿದೆ. ಪಾತ್ರೆಯಿಂದ ಕಣ್ಣೆತ್ತದೆಯೇ ಅವರು, “ಪ್ಲಾಸ್ಟರ್ ಹಾಕಿದ ದಿನ ಆಸ್ಪತ್ರೆ ಗೇಟಿನವರೆಗೂ ಬಂದಿದ್ದೆ. ನೀವು ನಿಂತಿದ್ರಿ. ವಾಪಸ್ ಹೋದೆ” ಎಂದರು. ನಾನು ಒಂದೇ ಲೋಟವನ್ನು ಮತ್ತೆ ಮತ್ತೆ ಜಾಲಿಸಿದೆ. ಈಗ ಅವರು ವಾರಕ್ಕೊಂದೆರಡು ಸಲ ಬರುತ್ತಾರೆ. ಮೊದಲು ಲೋಟ ತೊಳೆಯಬೇಕೋ ಬಾಣಲೆ ತೊಳೆಯಬೇಕೋ ಎಂಬ ವಿಷಯದಲ್ಲಿ ನಮ್ಮಿಬ್ಬರ ನಡುವೆ ಘೋರ ಜಗಳ ಹತ್ತಿಕೊಂಡಿದೆ. ಹಳೆಯದು ಮಾತು ಬಿಟ್ಟ ಜಗಳ, ಇದು ಮಾತಾಡುವ ಜಗಳ. ಹೀಗಾಗಿ ಹೆಂಡತಿ ತಾರಸಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಆದಕಾರಣ ಮಹಾಶಯರೇ, ತಾವು ಈ ಸರಕನ್ನು ಪಾತ್ರೆಯ ಸೋಪಿನ ಪಕ್ಕದಲ್ಲಿಟ್ಟು ಮಾರುವುದು ಅದಕ್ಕೆ ಮಾಡುವ ಅವಮಾನ. ಇದನ್ನು ಮಾತುಬಿಟ್ಟ ಅಣ್ಣತಮ್ಮಂದಿರಿಗೂ, ಮುಖ ತಿರುಗಿಸಿಕೊಂಡ ಓರಗಿತ್ತಿಯರಿಗೂ ನ್ಯಾಯಾಲಯದ ಮೂಲಕ ಹಂಚಬೇಕು. ಇನ್ನೂ ಬಿಗಿಯಾದ, ಬಿಚ್ಚಲು ಇಡೀ ಬಳಗವೇ ಸೇರಬೇಕಾದ ಅಳತೆಯೊಂದನ್ನು ತಯಾರಿಸಬೇಕು. ಸದ್ಯಕ್ಕೆ ಪ್ರತಿ ಪೊಟ್ಟಣದ ಜೊತೆಗೂ ಎಳೆಯಲು ಒಬ್ಬ ಗಟ್ಟಿಮುಟ್ಟಾದ ಭಾವನನ್ನು ಇಟ್ಟುಕೊಡಬೇಕು. ಚಿತ್ರದಲ್ಲಿ ನಗುತ್ತಿರುವ ಮಹಾತಾಯಿಯನ್ನು ಒಂದು ಸಂಜೆ ನಮ್ಮ ಮನೆಗೆ ಕಳಿಸಿಕೊಟ್ಟರೆ ಹಾಲಿನ ಪಾತ್ರೆಯನ್ನು ನಾವು ಕಾದಿರಿಸುತ್ತೇವೆ.

ಇಂತಿ, ಬರಿಗೈಯಲ್ಲಿ ನಮಸ್ಕರಿಸುವ,
ತಮ್ಮ ವಿಶ್ವಾಸಿ,
ಮೂಲೆ ಅಂಗಡಿಯ ದರ್ಜಿ

ತಾ.ಕ.: ಪೊಟ್ಟಣವನ್ನು ಎಸೆಯುವ ಮುನ್ನ ಅದರ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿದ್ದ ತಮ್ಮ ಸೂಚನೆಯನ್ನು ಹೆಂಡತಿ ಓದಿ ಹೇಳಿದಳು: ‘ಬಳಸಿದ ನಂತರ ಕೈಗವಸನ್ನು ಪಾತ್ರೆ ತೊಳೆಯುವ ಯಂತ್ರದಲ್ಲಿ ಹಾಕಿ ಶುಚಿಗೊಳಿಸಿ.’ ಆ ಯಂತ್ರ ನಮ್ಮ ಮನೆಯಲ್ಲಿದ್ದಿದ್ದರೆ, ಮಹಾಶಯರೇ, ತಮ್ಮ ಪರಿಚಯವಾಗುವ ಪ್ರಸಂಗವೇ ಬರುತ್ತಿರಲಿಲ್ಲ.